ಹೊಟ್ಟೆ ಕೊಯ್ಯದೆ ಕರುಳಿನ ಗಡ್ಡೆ ತೆಗೆಯುವುದು

ಎಲ್ಲರಿಗೂ ನಮಸ್ಕಾರ.

ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಕೊಲೊನೋಸ್ಕೋಪಿ. ಅದರ ವರದಿಯಲ್ಲಿ ‘ಪಾಲಿಪ್’, ಅಂದರೆ ಕರುಳಿನ ಒಳಮೈಯಲ್ಲಿ ಬೆಳೆದ ಗಡ್ಡೆ, ಎಂಬ ಪದ ಕಂಡ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ‘ಆಪರೇಷನ್ ಮಾಡಿಸಬೇಕೇ, ಡಾಕ್ಟರ್?’ ಬಹುತೇಕ ಮಂದಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಎಂಡೋಸ್ಕೋಪ್ ಕೊಳವೆಯೊಳಗೆ ತೂರಿಸಿದ ತೆಳು ಉಪಕರಣದಿಂದಲೇ, ಹೊಟ್ಟೆಯ ಮೇಲೆ ಒಂದು ಗೀರೂ ಬೀಳದಂತೆ, ಅದನ್ನು ತೆಗೆಯಬಹುದು. ಆದರೆ ಯಾರಿಗೆ ಅಷ್ಟೇ ಸಾಕು, ಯಾರಿಗೆ ಸಾಲದು? ಗಡ್ಡೆ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಇಲ್ಲಿ ಮುಖ್ಯ.

ಕರುಳಿನ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಒಳಮೈಯಲ್ಲಿ ಲೋಳೆಪದರ, ಅದರ ಕೆಳಗೆ ರಕ್ತನಾಳಗಳೂ ದುಗ್ಧನಾಳಗಳೂ (ಲಿಂಫ್ ದ್ರವ ಹರಿಯುವ ನಾಳಗಳು) ಇರುವ ಸಡಿಲ ಪದರ, ಅದರಾಚೆ ಸ್ನಾಯು. ಕೆಲವು ಪಾಲಿಪ್‌ಗಳಲ್ಲಿ ಕ್ಯಾನ್ಸರ್ ಇರಬಹುದು. ದೊಡ್ಡ ಕರುಳಿನಲ್ಲಿ ಆ ರೋಗ ಲೋಳೆಪದರದಲ್ಲೇ ಇದ್ದರೆ ಅದು ದುಗ್ಧಗ್ರಂಥಿಗಳಿಗೆ ಹರಡುವುದಿಲ್ಲವೆಂದೇ ಹೇಳಬಹುದು. ಆಗ ಗಡ್ಡೆಯನ್ನು ಪೂರ್ತಿ ತೆಗೆದರೆ ರೋಗವನ್ನೇ ತೆಗೆದಂತೆ. ಸಡಿಲ ಪದರದ ಆಳಕ್ಕೆ ಇಳಿದಿದ್ದರೆ ಲೆಕ್ಕ ಬದಲಾಗುತ್ತದೆ: ಅಲ್ಲಿನ ನಾಳಗಳ ಮೂಲಕ ಅದು ಹರಡಿರಬಹುದು.

1969ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ವೂಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪ್ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆದರು. ಅದಕ್ಕೂ ಮೊದಲು ಗುದನಾಳದ ಕೊಳವೆಗೆ ಎಟುಕದ ಪಾಲಿಪ್ ತೆಗೆಯಲು ಹೊಟ್ಟೆಯನ್ನೇ ತೆರೆಯಬೇಕಿತ್ತು. ಅಮೆರಿಕದಲ್ಲಿ ಅಡಿನೋಮಾ ಜಾತಿಯ (ಮುಂದೆ ಕ್ಯಾನ್ಸರ್ ಆಗಬಹುದಾದ) ಪಾಲಿಪ್ ತೆಗೆಸಿಕೊಂಡವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಕರುಳಿನ ಕ್ಯಾನ್ಸರ್‌ನಿಂದ ಅವರಲ್ಲಾದ ಸಾವುಗಳು ಸಾಮಾನ್ಯ ಜನರಲ್ಲಿ ನಿರೀಕ್ಷಿಸುವುದಕ್ಕಿಂತ ಶೇ 53ರಷ್ಟು ಕಡಿಮೆ ಇದ್ದವು. ಇದು ಸಣ್ಣ ಮಾತಲ್ಲ.

10 ಮಿಲಿಮೀಟರ್‌ಗಿಂತ ಚಿಕ್ಕ ಪಾಲಿಪ್‌ಗೆ ಇಂದು ಸಾಮಾನ್ಯವಾಗಿ ವಿದ್ಯುತ್ತೂ ಬೇಡ; ಕುಣಿಕೆ ಬಿಗಿದು ಕತ್ತರಿಸುತ್ತೇವೆ, ಅಷ್ಟೆ. ಸವಾಲು ಇರುವುದು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿದ ಗಡ್ಡೆಗಳಲ್ಲಿ. ಅಲ್ಲಿ ಮೊದಲು ಗಡ್ಡೆಯ ಅಡಿಗೆ ಸೂಜಿಯಿಂದ ನೀಲಿ ಬಣ್ಣ ಬೆರೆಸಿದ ಸಲೈನ್ ಬಿಡುತ್ತೇವೆ. ಸುಟ್ಟ ಚರ್ಮದ ಮೇಲೆ ಬೊಬ್ಬೆ ಏಳುವಂತೆ ಗಡ್ಡೆ ನಿಧಾನವಾಗಿ ಮೇಲೇಳುತ್ತದೆ, ಸ್ನಾಯು ದೂರ ಸರಿಯುತ್ತದೆ. ಕತ್ತರಿಸಲು ಜಾಗ ಸಿಗುವುದು ಆಗಲೇ. ಸುತ್ತಲಿನ ಭಾಗ ಎದ್ದು ಗಡ್ಡೆ ಮಾತ್ರ ಏಳದೆ ಕುಳಿತರೆ ಕೈ ತಡೆಯಬೇಕು: ಅದು ಆಳಕ್ಕೆ ಬೇರೂರಿರಬಹುದು, ಅಥವಾ ಹಿಂದೆ ಮಾಡಿದ ಬಯಾಪ್ಸಿಯ ಗಾಯ ಅಲ್ಲಿ ಕಲೆಗಟ್ಟಿರಬಹುದು. ತೆಗೆಯಬಹುದಾದ ಚಪ್ಪಟೆ ಗಡ್ಡೆಯಿಂದ ಸುಮ್ಮನೆ ಹಲವು ತುಣುಕು ಕಿತ್ತು ಬಯಾಪ್ಸಿಗೆ ಕಳುಹಿಸಬಾರದೆಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ಗಡ್ಡೆ 20 ಮಿಲಿಮೀಟರ್ ದಾಟಿದರೆ ಕುಣಿಕೆಯಿಂದ ಒಂದೇ ತುಂಡಾಗಿ ತೆಗೆಯುವುದು ಕಷ್ಟ. ಹಲವು ತುಂಡುಗಳಾಗಿ ತೆಗೆಯಬೇಕಾಗುತ್ತದೆ. ಜಠರದ ಆರಂಭಿಕ ಕ್ಯಾನ್ಸರ್‌ಗಾಗಿ ಜಪಾನಿನ ವೈದ್ಯರು 1990ರ ದಶಕದಲ್ಲಿ ರೂಪಿಸಿದ ವಿಧಾನ ಈ ತೊಡಕನ್ನು ಬಿಡಿಸಿತು. ಸಣ್ಣ ವಿದ್ಯುತ್ ಚಾಕುವಿನಿಂದ ಗಡ್ಡೆಯ ಸುತ್ತ ಗೆರೆ ಕೊಯ್ದು, ಅಡಿಯ ಸಡಿಲ ಪದರವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತಾ ಹೋಗಿ, ಇಡೀ ಗಡ್ಡೆಯನ್ನು ಒಂದೇ ತುಂಡಾಗಿ ಹೊರತರುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಗೋಡೆ ತೂತಾಗುವ ಅಪಾಯವೂ ಹೆಚ್ಚು. ಆದರೂ ಕ್ಯಾನ್ಸರ್‌ನ ಅನುಮಾನವಿದ್ದಲ್ಲಿ ಆ ಶ್ರಮ ಸಾರ್ಥಕ. ಹೊರಬಂದ ತುಂಡನ್ನು ಹಾಗೆಯೇ ಬಾಟಲಿಗೆ ಹಾಕುವುದಿಲ್ಲ; ಹಲಗೆಯ ಮೇಲೆ ಹರವಿ, ಅಂಚುಗಳಿಗೆ ಪಿನ್ ಚುಚ್ಚಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಅಂಚು ಸ್ವಚ್ಛವಾಗಿದೆಯೇ, ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಪೆಥಾಲಜಿಸ್ಟ್ ಅಳೆಯಲು ಸಾಧ್ಯವಾಗುವುದು ಹಾಗಿದ್ದರೆ ಮಾತ್ರ. ರೋಗ ಆಳಕ್ಕೆ ಇಳಿದಿದೆ ಎಂದು ವರದಿ ಬಂದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸಬೇಕಾಗುತ್ತದೆ. ಅಂಥವರಿಗೆ ಎಂಡೋಸ್ಕೋಪಿ ವ್ಯರ್ಥವಾಯಿತು ಎನಿಸುವುದು ಸಹಜ, ಆದರೆ ಆ ಆಳ ಖಚಿತವಾಗಿ ತಿಳಿದದ್ದೇ ಅದರಿಂದ.

ನಿಮ್ಮ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಕೊಲೊನೋಸ್ಕೋಪಿಯ ಹಿಂದಿನ ದಿನದ ಭೇದಿಯ ಔಷಧ ಯಾರಿಗೂ ಇಷ್ಟವಿಲ್ಲ. ಆದರೂ ತಿಳಿಯಾಗಿ, ತೆಳು ಹಳದಿ ನೀರಿನಂತೆ ಹೋಗುವವರೆಗೆ ಕುಡಿಯಿರಿ. ಚಪ್ಪಟೆ ಗಡ್ಡೆಯನ್ನು ಮರೆಮಾಡಲು ಸ್ವಲ್ಪ ಮಲ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮನೆಗೆ ಹೋದ ಮೇಲೂ ಎರಡು ವಾರಗಳವರೆಗೆ ರಕ್ತಸ್ರಾವ ಆಗಬಹುದು. ಮಲದಲ್ಲಿ ಹೆಚ್ಚು ರಕ್ತ, ಜ್ವರ, ತೀವ್ರ ಹೊಟ್ಟೆನೋವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ.

ದೊಡ್ಡ ಗಡ್ಡೆಯನ್ನು ತುಂಡುತುಂಡಾಗಿ ತೆಗೆಸಿಕೊಂಡವರು ಸುಮಾರು 6 ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಅಂಚಿನಲ್ಲಿ ಉಳಿದ ಚೂರು ಮತ್ತೆ ಬೆಳೆದಿದ್ದರೂ ಆ ಹೊತ್ತಿಗೆ ಚಿಕ್ಕದಾಗಿಯೇ ಇರುತ್ತದೆ. ಅದನ್ನೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ ತೆಗೆಯಬಹುದು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.