ಮುಖ ನೋಡಿ ಹೇಳಲಾಗದ ಗಡ್ಡೆಗಳು

ಎಲ್ಲರಿಗೂ ನಮಸ್ಕಾರ.

ನಾನು ಪೆಥಾಲಜಿಸ್ಟ್. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತೇನೆ. ರೋಗಿಯನ್ನು ನೋಡುವುದು ಅಪರೂಪ. ಅವರ ಮೈಯಿಂದ ತೆಗೆದ ಚೂರು ಗಾಜಿನ ಸ್ಲೈಡ್ ಮೇಲೆ ನನ್ನ ಹತ್ತಿರ ಬರುತ್ತದೆ, ನೋಡಿ ವರದಿ ಬರೆಯುತ್ತೇನೆ. ಆ ವರದಿ ಕೈಗೆ ಸಿಕ್ಕ ಕೂಡಲೇ ಮನೆಯವರು ಹುಡುಕುವುದು ಒಂದೇ ಮಾತು: ಕ್ಯಾನ್ಸರ್ ಹೌದೋ ಅಲ್ಲವೋ? ಕೆಲವು ಸಲ ಎರಡೂ ಇರುವುದಿಲ್ಲ. 'ಸ್ವಭಾವ ಅನಿಶ್ಚಿತ' ಅಂತ ಇರುತ್ತದೆ. ಓದಿದವರಿಗೆ, ಇವರಿಗೇ ಏನೂ ಗೊತ್ತಾಗಿಲ್ಲ ಅನ್ನಿಸುತ್ತದೆ. ಹಾಗಲ್ಲ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿರೋದು.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-10ರಲ್ಲಿ ಇಂಥ ಗಡ್ಡೆಗಳಿಗೇ ಪ್ರತ್ಯೇಕ ಜಾಗ ಇದೆ. ಮೆದುಳಿನ ಪೊರೆಯದಕ್ಕೆ ಡಿ42, ಮೆದುಳು ಮತ್ತು ಬೆನ್ನುಹುರಿಯದಕ್ಕೆ ಡಿ43, ಹಾರ್ಮೋನ್ ಗ್ರಂಥಿಗಳದಕ್ಕೆ ಡಿ44. ಅಮೆರಿಕದಲ್ಲಿ ಬಳಸುವ ಪಟ್ಟಿಯಲ್ಲಿ ಡಿ49 ಅಂತ ಇನ್ನೊಂದಿದೆ. ಗಡ್ಡೆ ಎಂಥದ್ದು ಅಂತ ದಾಖಲೆಯಲ್ಲಿ ಬರೆದೇ ಇಲ್ಲದಿದ್ದರೆ ಅದು. ಈ ವ್ಯತ್ಯಾಸ ನೆನಪಿರಲಿ. 'ಅನಿಶ್ಚಿತ' ಅಂದರೆ ನೋಡಿಲ್ಲ ಅಂತಲ್ಲ. ನೋಡಿದ್ದೇವೆ, ಚೆನ್ನಾಗಿಯೇ ನೋಡಿದ್ದೇವೆ, ನೋಡಿದ ಮೇಲೂ ಇದು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲಾಗುತ್ತಿಲ್ಲ, ಅಂತ.

ಯಾಕೆ ಹೇಳೋಕಾಗಲ್ಲ? ಥೈರಾಯ್ಡ್ ತೆಗೆದುಕೊಳ್ಳಿ. ಕುತ್ತಿಗೆಯಲ್ಲಿ ಗಂಟು ಕಂಡಾಗ ಸಣ್ಣ ಸೂಜಿ ಹಾಕಿ ಒಂದಿಷ್ಟು ಕೋಶಗಳನ್ನು ಎಳೆಯುತ್ತಾರೆ. ಆ ಪರೀಕ್ಷೆಯ ಫಲಿತಾಂಶವನ್ನು ಆರು ವರ್ಗ ಮಾಡಿ ಬರೆಯುವ ಪದ್ಧತಿ ಇದೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ತಜ್ಞರು ಸೇರಿ ಮಾಡಿಕೊಂಡದ್ದು. ಎರಡನೆಯದು ಸಾಧು ಗಂಟು, ಆರನೆಯದು ಕ್ಯಾನ್ಸರ್. ಜನ ಹೆಚ್ಚು ನಿದ್ದೆ ಕಳೆದುಕೊಳ್ಳುವುದು ಮಧ್ಯದ ಮೂರು ಮತ್ತು ನಾಲ್ಕರಲ್ಲಿ.

ಅದಕ್ಕೊಂದು ಕಾರಣ ಇದೆ. ಥೈರಾಯ್ಡಿನ ಫಾಲಿಕ್ಯುಲರ್ ಗಡ್ಡೆಗಳಲ್ಲಿ ಸಾಧುವಿನ ಕೋಶವೂ ಪುಂಡನ ಕೋಶವೂ ನೋಡೋಕೆ ಒಂದೇ ಥರ. ಮುಖ ನೋಡಿ ಮಣೆ ಹಾಕುವ ಹಾಗಿಲ್ಲ. ಗಡ್ಡೆಯ ಸುತ್ತ ಒಂದು ಕವಚ ಇರುತ್ತದೆ. ಕೋಶಗಳು ಆ ಕವಚವನ್ನು ದಾಟಿವೆಯಾ, ರಕ್ತನಾಳದೊಳಗೆ ನುಗ್ಗಿವೆಯಾ ಅನ್ನುವುದರ ಮೇಲೆ ತೀರ್ಮಾನ. ಸೂಜಿಗೆ ಸಿಗುವುದು ಒಳಗಿನ ಕೋಶ ಮಾತ್ರ. ನಡುಮನೆಯ ಫೋಟೋ ನೋಡಿ, ಆ ಮನೆಯವರು ಕಾಂಪೌಂಡ್ ಹಾರಿದ್ದಾರಾ ಅಂತ ಹೇಳೋಕಾಗತ್ತಾ? ಅದಕ್ಕೇ ಎಷ್ಟೋ ಸಲ ಅರ್ಧ ಥೈರಾಯ್ಡ್ ತೆಗೆದು ನೋಡಬೇಕಾಗುತ್ತದೆ.

ತೆಗೆದು ಕಳಿಸಿದ ಮೇಲೆ ನಾವು ಆ ಕವಚವನ್ನು ಸುತ್ತಲೂ ಚೂರು ಚೂರು ಮಾಡಿ ಎಲ್ಲವನ್ನೂ ಸ್ಲೈಡ್ ಮಾಡುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಅದು ತೆಳು ಗುಲಾಬಿ ಪಟ್ಟಿಯ ಹಾಗೆ ಕಾಣುತ್ತದೆ. ಹೊಲದ ಬದುವಿನ ಮೇಲೆ ನಡೆದ ಹಾಗೆ ಅದರ ಗುಂಟ ಹೋಗುತ್ತೇನೆ. ಒಂದು ಕಡೆ ಕೋಶಗಳು ಅಣಬೆಯ ಹಾಗೆ ಪಟ್ಟಿಯನ್ನು ಸೀಳಿ ಆಚೆ ತಲೆ ಎತ್ತಿದ್ದರೆ ಮಾತು ಮುಗಿಯಿತು, ಅದು ಕ್ಯಾನ್ಸರ್. ಆದರೆ ಕೆಲವು ಸಲ ಅಣಬೆಯ ತಲೆ ಪಟ್ಟಿಯ ನಡುವೆಯೇ ನಿಂತಿರುತ್ತದೆ. ಇನ್ನೂ ಆಳಕ್ಕೆ ಕತ್ತರಿಸಿ ನೋಡುತ್ತೇವೆ, ಪಕ್ಕದ ಟೇಬಲಿನವರನ್ನು ಕರೆದು ತೋರಿಸುತ್ತೇವೆ. ಅವರೂ 'ದಾಟಿದೆ ಅನ್ನೋಕಾಗಲ್ಲ, ದಾಟಿಲ್ಲ ಅನ್ನೋಕೂ ಆಗಲ್ಲ' ಅಂತ ತಲೆ ಕೆರೆದುಕೊಂಡರೆ, ಆಗ 'ಅನಿಶ್ಚಿತ' ಅಂತ ಬರೆಯುತ್ತೇವೆ. ಸುಮ್ನೆ ಬರೆದದ್ದಲ್ಲ.

ಸಂಶಯ ಬಂದರೆ ಕ್ಯಾನ್ಸರ್ ಅಂದುಬಿಟ್ಟರೆ ಕ್ಷೇಮ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನಾವು ಹಾಗೆ ಮಾಡಿದ್ದೂ ಉಂಟು, ಅದರಿಂದ ಆದ ತೊಂದರೆಯೂ ಉಂಟು. ಥೈರಾಯ್ಡಿನ ಒಂದು ಜಾತಿಯ ಗಡ್ಡೆಯನ್ನು ಬಹಳ ಕಾಲ ಕ್ಯಾನ್ಸರ್ ಅಂತಲೇ ಕರೆಯುತ್ತಿದ್ದೆವು. ಕವಚ ದಾಟದ ಇಂಥ ಗಡ್ಡೆ ಇದ್ದ 109 ಜನರನ್ನು 10ರಿಂದ 26 ವರ್ಷ ಗಮನಿಸಿದಾಗ ಎಲ್ಲರೂ ಬದುಕಿದ್ದರು, ಯಾರಲ್ಲೂ ಕಾಯಿಲೆ ಇರಲಿಲ್ಲ. 2016ರಲ್ಲಿ ಅದರ ಹೆಸರಿನಿಂದ ಕ್ಯಾನ್ಸರ್ ಅನ್ನುವ ಪದವನ್ನೇ ತೆಗೆದರು. ಅಷ್ಟರಲ್ಲಿ ಎಷ್ಟು ಜನ ಬೇಡದ ವಿಕಿರಣ ಅಯೋಡಿನ್ ತೆಗೆದುಕೊಂಡು, ಬೇಡದ ಭಯ ಹೊತ್ತು ತಿರುಗಿದ್ದರೋ!

ಇನ್ನು ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ. ಅದರಲ್ಲಿ ಫಿಯೋಕ್ರೊಮೊಸೈಟೋಮಾ ಅನ್ನುವ ಗಡ್ಡೆ ಬರುತ್ತದೆ. ಇದ್ದಕ್ಕಿದ್ದ ಹಾಗೆ ತಲೆನೋವು, ಬೆವರು, ಎದೆ ಡವಡವ, ಬಿಪಿ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇದರ ಅನುಮಾನ ಇದ್ದರೆ ಮೊದಲು ರಕ್ತ ಅಥವಾ ಮೂತ್ರದ ಹಾರ್ಮೋನ್ ಪರೀಕ್ಷೆ ಆಗಬೇಕು. ನೋಡದೆ ಸೂಜಿ ಚುಚ್ಚಿದರೆ ಹಾರ್ಮೋನ್ ಒಮ್ಮೆಲೇ ನುಗ್ಗಿ ಜೀವಕ್ಕೇ ಸಂಚಕಾರ ಬರಬಹುದು. ಮೈಕ್ರೋಸ್ಕೋಪಿನಲ್ಲಿ ಇದು ನಮ್ಮನ್ನು ಚೆನ್ನಾಗಿ ಆಟ ಆಡಿಸುತ್ತದೆ. ವಿಕಾರವಾದ ದೊಡ್ಡ ಕೋಶಗಳಿದ್ದದ್ದು ಏನೂ ಮಾಡದೆ ಇರುತ್ತದೆ, ನೀಟಾಗಿ ಜೋಡಿಸಿದಂತೆ ಕಂಡದ್ದು ವರ್ಷಗಳ ಮೇಲೆ ಮೂಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2017ರ ಗಡ್ಡೆಗಳ ವರ್ಗೀಕರಣದಲ್ಲಿ ಇದಕ್ಕೆ ಸಾಧು, ಪುಂಡ ಅನ್ನುವ ವಿಂಗಡಣೆಯನ್ನೇ ಕೈಬಿಟ್ಟರು. ಎಲ್ಲಕ್ಕೂ ಹರಡುವ ಸಾಧ್ಯತೆ ಇದೆ, ಹೆಚ್ಚು ಕಡಿಮೆ ಅಷ್ಟೇ. ಸುಮಾರು ಮೂರರಲ್ಲಿ ಒಬ್ಬರಿಗೆ ಇದು ವಂಶವಾಹಿಯಿಂದ ಬಂದಿರುತ್ತದೆ. ಹಾಗಾಗಿ ಇದ್ದವರೆಲ್ಲ ಜೀನ್ ಪರೀಕ್ಷೆಯ ಬಗ್ಗೆ ಕೇಳಬೇಕು.

ಮೆದುಳಿನ ವಿಷಯಕ್ಕೆ ಬಂದರೆ 'ಸಾಧು' ಅನ್ನುವ ಮಾತಿಗೇ ಅರ್ಥ ಬದಲಾಗುತ್ತದೆ. ತಲೆಬುರುಡೆ ಮುಚ್ಚಿದ ಪೆಟ್ಟಿಗೆ, ಒಳಗೆ ಬೆಳೆಯುವುದಕ್ಕೆ ಜಾಗ ಇಲ್ಲ. ಎಲ್ಲಿಗೂ ಹರಡದ ಗಡ್ಡೆಯೂ ಕೂತ ಜಾಗದಿಂದಲೇ ತೊಂದರೆ ಕೊಡುತ್ತದೆ. ಮೆದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ ಪಿಟ್ಯುಟರಿಯ ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತಿದರೆ ಎರಡೂ ಪಕ್ಕದ ನೋಟ ಹೋಗುತ್ತದೆ. ಬಾಗಿಲ ಚೌಕಟ್ಟಿಗೆ ಪದೇ ಪದೇ ಭುಜ ತಾಗುತ್ತಿದೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ಎಂಆರ್‌ಐಗೆ ಹೋದವರಿದ್ದಾರೆ.

ಮೆದುಳಿನ ಪೊರೆಯ ಗಡ್ಡೆಗೆ ಮೆನಿಂಜಿಯೋಮಾ ಅಂತ ಹೆಸರಿಟ್ಟವರು ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್, 1922ರಲ್ಲಿ. ಹೆಚ್ಚಿನವು ನಿಧಾನ ಬೆಳೆಯುವ ಒಂದನೇ ದರ್ಜೆಯವು. ಎರಡನೇ ದರ್ಜೆ, ಅಂದರೆ ಮತ್ತೆ ಬೆಳೆಯುವ ಭಯ ಜಾಸ್ತಿ ಇರುವುದು, ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಕೋಶಗಳು ಹೆಚ್ಚು ಒಡೆಯುತ್ತಿರುವ, ಅಂದರೆ ಒಂದು ಎರಡಾಗುತ್ತಿರುವ ಜಾಗದಲ್ಲಿ ಮೈಕ್ರೋಸ್ಕೋಪಿನ ಹತ್ತು ದೃಷ್ಟಿವಲಯ ನೋಡಿ, ಒಡೆಯುತ್ತಿರುವ ಕೋಶ ನಾಲ್ಕೋ ಅದಕ್ಕಿಂತ ಹೆಚ್ಚೋ ಸಿಗಬೇಕು. ಮೂರು ಸಿಕ್ಕಿತು ಅನ್ನಿ. ನಾಲ್ಕನೆಯದು ನಿಜವಾಗಿ ಒಡೆಯುತ್ತಿದೆಯೋ, ಸತ್ತು ಮುರುಟಿದೆಯೋ? ಎರಡೂ ಕಪ್ಪು ಚುಕ್ಕಿಯ ಹಾಗೇ ಇರುತ್ತವೆ. ಅದೊಂದು ಚುಕ್ಕಿಗಾಗಿ ನಾನು ಮಧ್ಯಾಹ್ನವೆಲ್ಲ ಕೂತದ್ದುಂಟು. ಈಗ ಜೀನ್ ಪರೀಕ್ಷೆ ಸ್ವಲ್ಪ ಕೈಹಿಡಿಯುತ್ತದೆ. 2021ರ ವರ್ಗೀಕರಣದ ಪ್ರಕಾರ ಕೆಲವು ಜೀನ್ ಬದಲಾವಣೆ ಕಂಡರೆ, ಕೋಶ ಎಷ್ಟೇ ಸಾಧುವಾಗಿ ಕಂಡರೂ ಅದು ಮೂರನೇ ದರ್ಜೆ.

ವರದಿಯಲ್ಲಿ 'ಅನಿಶ್ಚಿತ' ಅಂತ ಇದ್ದರೆ ನಿಮ್ಮ ಡಾಕ್ಟರನ್ನು ಕೇಳಿ: ಯಾವುದರಿಂದ ಸಂಶಯ ಬಂತು? ಕವಚವಾ, ಲೆಕ್ಕವಾ, ಚೂರು ಸಾಲದೆ ಹೋಯಿತಾ? ಮುಂದಿನ ಸ್ಕ್ಯಾನ್ ಯಾವಾಗ? ಇನ್ನೊಬ್ಬ ಪೆಥಾಲಜಿಸ್ಟ್ ನೋಡಲಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಾವೇ ಎಷ್ಟೋ ಸಲ ಕಳಿಸುತ್ತೇವೆ. ಆದರೆ ವರದಿಯ ಜೆರಾಕ್ಸ್ ಮಾತ್ರ ಹಿಡಿದುಕೊಂಡು ಹೋಗಬೇಡಿ. ಸ್ಲೈಡುಗಳನ್ನೂ, ಮೇಣದಲ್ಲಿ ಕೂರಿಸಿದ ಚೂರು ಇರುವ ಬ್ಲಾಕನ್ನೂ ಕೇಳಿ ಪಡೆಯಿರಿ. ಹಳೆಯ ಸ್ಕ್ಯಾನಿನ ಸಿಡಿ ಎಸೆಯಬೇಡಿ. ಎರಡು ವರ್ಷದ ಹಿಂದೆ ಎಷ್ಟು ಮಿಲಿಮೀಟರ್ ಇತ್ತು ಅನ್ನೋದು ಅದರಲ್ಲೇ ಇರೋದು.