ಒಳಗಿನಿಂದ ಚಿಲಕ ಹಾಕಿಕೊಂಡ ಚಿಪ್

ಎಲ್ಲರಿಗೂ ನಮಸ್ಕಾರ. ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ. ನಾನು ತೋರಿಸುವ ವಸ್ತು ಅಕ್ಕಿಕಾಳಿನಷ್ಟೇ ಉದ್ದ ಇದೆ.

ಕ್ಲಾಕ್ ಚಿಪ್ ಅಂದ ಕೂಡಲೇ ನಮ್ಮ ಮೈಸೂರಿನವರಿಗೆ ದೊಡ್ಡ ಗಡಿಯಾರ ನೆನಪಾಗುತ್ತದೆ, ಅಲ್ವಾ? 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿಸಿದ ಗೋಪುರ. ಆದರೆ ಈ ಚಿಪ್ ಗಂಟೆ ತೋರಿಸುವುದಿಲ್ಲ. ಪಕ್ಕದಲ್ಲೊಂದು ಕ್ರಿಸ್ಟಲ್ ಇಟ್ಟರೆ ಅದರ ಮಿಡಿತ ತೆಗೆದುಕೊಂಡು, ಹಿಗ್ಗಿಸಿ, ಭಾಗಿಸಿ, ಬೋರ್ಡಿನ ಬೇರೆ ಚಿಪ್‌ಗಳಿಗೆ ಬೇಕಾದ ಫ್ರೀಕ್ವೆನ್ಸಿ ಕೊಡುತ್ತದೆ. ಎಷ್ಟು ಕೊಡಬೇಕು ಅನ್ನುವುದನ್ನು ನಾವು ಐ2ಸಿ ಅನ್ನುವ ಎರಡು ತಂತಿಯ ಮೂಲಕ ಅದರ ರಿಜಿಸ್ಟರ್‌ಗಳಲ್ಲಿ, ಅಂದರೆ ಒಳಗಿನ ನಂಬರು ಹಾಕಿದ ಪುಟ್ಟ ಖಾನೆಗಳಲ್ಲಿ, ಬರೆಯುತ್ತೇವೆ. ಬರೆಯುವಾಗ ತಪ್ಪಿದರೆ ಏನಾಗುತ್ತದೆ, ಆಮೇಲೆ ಹೇಗೆ ವಾಪಸ್ ಬರುವುದು ಅನ್ನುವುದೇ ಇವತ್ತಿನ ಮಾತು. ತಪ್ಪು ಮಾಡಿದವನು ನಾನೇ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಒಂದು ಭೇದ ತಿಳಿದಿರಲಿ. ಹ್ಯಾಮ್ ರೇಡಿಯೊದವರು ತುಂಬ ಬಳಸುವ ಎಸ್‌ಐ5351 ಚಿಪ್‌ಗೆ ನೀವು ಏನೇ ಅಸಂಬದ್ಧ ಬರೆಯಿರಿ, ಕರೆಂಟ್ ತೆಗೆದು ಹಾಕಿದರೆ ಎಲ್ಲ ಮರೆತು ಹೊಸದಾಗಿ ಏಳುತ್ತದೆ. ನಾವು ಬರೆದದ್ದು ಅದರ ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿಡಿಸಿಇ913 ಹಾಗಲ್ಲ. ಅದರೊಳಗೆ ಇಇಪ್ರಾಮ್ ಇದೆ, ಕರೆಂಟ್ ಹೋದರೂ ಮರೆಯದ ನೆನಪು. ಉಳಿಸಿದ್ದು ಉಳಿದುಬಿಡುತ್ತದೆ, ತಪ್ಪೂ ಸೇರಿ.

ಹೂಟಗಳ್ಳಿಯ ಒಂದು ಸಣ್ಣ ಶೆಡ್ಡಿನಲ್ಲಿ ನಾವು ಮೂರು ಜನ ಬೋರ್ಡ್ ಮಾಡುತ್ತೇವೆ. ಮಂಡ್ಯ ಕಡೆಯ ಹಾಲಿನ ಡೈರಿಗಳ ಯಂತ್ರಕ್ಕೆಂದು ಒಂದು ಕಂತು ಬೋರ್ಡ್ ಮಾಡುತ್ತಿದ್ದೆವು. 913ರ ಮೊದಲ ಔಟ್‌ಪುಟ್ಟಿನ ಡಿವೈಡರ್, ಅಂದರೆ ಭಾಗಿಸುವ ಸಂಖ್ಯೆ, ಬದಲಿಸಬೇಕಿತ್ತು. ಆ ಡಿವೈಡರ್ ಹತ್ತು ಬಿಟ್‌ನದ್ದು. ಮೇಲಿನ ಎರಡು ಬಿಟ್ 2ನೇ ರಿಜಿಸ್ಟರ್‌ನ ಮೂಲೆಯಲ್ಲಿವೆ. ಅದೇ ರಿಜಿಸ್ಟರ್‌ನಲ್ಲಿ ಎಸ್‌ಪಿಐಕಾನ್ ಅನ್ನುವ ಇನ್ನೊಂದು ಬಿಟ್ ಕೂಡ ಇದೆ. ಅದು ಸೊನ್ನೆ ಇದ್ದರೆ 12, 13ನೇ ಕಾಲುಗಳು ಐ2ಸಿ ತಂತಿಗಳು. ಒಂದಾದರೆ ಅವು ಎಸ್1, ಎಸ್2 ಅನ್ನುವ ಬರೀ ಸ್ವಿಚ್ ಕಾಲುಗಳು. ಬಾಡಿಗೆಗೆ ಕೊಟ್ಟ ಮನೆಯ ಒಂದೇ ಬೀಗದ ಕೈಯನ್ನು ಮನೆಯೊಳಗೇ ಇಡಿಸುವ ಬಿಟ್ ಅದು.

ನಾನು ಬರೆಯಬೇಕಿದ್ದದ್ದು ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ, ಬಿ4. ಬರೆದದ್ದು ಎಫ್4. ಒಂದೇ ಒಂದು ಬಿಟ್ ವ್ಯತ್ಯಾಸ. ಬರೆದ ಕ್ಷಣ ಏನೂ ಆಗಲಿಲ್ಲ, ಯಾಕೆಂದರೆ ಈ ಬಿಟ್ ಇಇಪ್ರಾಮ್‌ಗೆ ಹೋದ ಮೇಲಷ್ಟೇ ಜಾರಿಗೆ ಬರುತ್ತದೆ. ನನ್ನ ಸ್ಕ್ರಿಪ್ಟ್ ಓದಿ ನೋಡುವ ಮುಂಚೆಯೇ ಉಳಿಸುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ. ಆರು ಬೋರ್ಡ್ ಸಾಲಾಗಿ ಮುಗಿಸಿದೆ. ಕರೆಂಟ್ ತೆಗೆದು ಹಾಕಿದೆ. ಆರೂ ತಣ್ಣಗೆ ಮಲಗಿದವು. ತಂತಿಯ ಮೇಲೆ ಯಾವ ಚಿಪ್ ಉತ್ತರಿಸುತ್ತದೆ ಎಂದು ನೋಡುವ ಐ2ಸಿ ಸ್ಕ್ಯಾನ್‌ನಲ್ಲಿ ಯಾವ ವಿಳಾಸವೂ ಇಲ್ಲ, ಮಿಡಿತ ತೋರಿಸುವ ಸ್ಕೋಪಿನಲ್ಲಿ ಕ್ಲಾಕೂ ಇಲ್ಲ.

ಮಾತೂ ಇಲ್ಲ, ಮಿಡಿತವೂ ಇಲ್ಲ ಅಂದರೆ ಯಾರಾದರೂ ಸತ್ತಿದೆ ಅಂತಲೇ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡು ಒಂದು ಚಿಪ್ ಕಿತ್ತು ಎಸೆದೆ. ಈಗಲೂ ಅದಕ್ಕೆ ಬೇಜಾರಿದೆ.

ಕ್ಲಾಕ್ ನಿಂತದ್ದೇಕೆ? ಐ2ಸಿ ಕೆಲಸ ಮಾಡುವಾಗ ಚಿಪ್ ಎಸ್1, ಎಸ್2 ಎರಡನ್ನೂ ಸೊನ್ನೆ ಎಂದು ತಾನೇ ಅಂದುಕೊಳ್ಳುತ್ತದೆ. ಎಸ್0 ಅನ್ನುವ ಮೂರನೇ ಸ್ವಿಚ್ ಕಾಲು ಮೇಲಿದ್ದರೆ, ಅಂದರೆ ಒಂದಾಗಿದ್ದರೆ, ಔಟ್‌ಪುಟ್ ಚಾಲು. ಆದರೆ ಅವು ನಿಜವಾಗಿ ಸ್ವಿಚ್ ಕಾಲುಗಳಾದ ಮೇಲೆ, ಐ2ಸಿಗೆಂದು ನಾವೇ ಹಾಕಿದ ಪುಲ್-ಅಪ್ ರೆಸಿಸ್ಟರ್‌ಗಳು ಎರಡನ್ನೂ ಮೇಲಕ್ಕೆ ಎಳೆದು ಹಿಡಿಯುತ್ತವೆ. ಆ ಜೋಡಿಗೆ, ಚಿಪ್ಪಿನೊಳಗೆ ಕಾರ್ಖಾನೆಯವರು ಬರೆದಿಟ್ಟ ಟೇಬಲ್‌ನಲ್ಲಿ ಇರುವ ಉತ್ತರ, ಔಟ್‌ಪುಟ್ ಬಂದ್. ನಾನು ಆ ಟೇಬಲ್ ಮುಟ್ಟಿರಲಿಲ್ಲ. ಅದಕ್ಕೇ ಮೊದಲ ಪರೀಕ್ಷೆ ಸುಲಭ: ಎರಡೂ ತಂತಿಗಳನ್ನು ಗ್ರೌಂಡ್‌ಗೆ ಹಿಡಿಯಿರಿ. ನಾನು ಹಿಡಿದೆ. ಸ್ಕೋಪಿನಲ್ಲಿ ಕ್ಲಾಕ್ ಕಾಣಿಸಿತು! ಉಸಿರಾಡುತ್ತಿದೆ, ಆದರೆ ಒಳಗಿನಿಂದ ಚಿಲಕ.

ಆಗ ಡೇಟಾಶೀಟನ್ನು ಸರಿಯಾಗಿ ಓದಿದೆ. ರಿಜಿಸ್ಟರ್ ಟೇಬಲ್ಲಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ. ವಿಡಿಡಿ ಔಟ್ ಅನ್ನುವ ಔಟ್‌ಪುಟ್ ಸಪ್ಲೈ ಕಾಲನ್ನು ಗ್ರೌಂಡ್‌ಗೆ ಕಟ್ಟಿದರೆ, ಆ ಎರಡು ಕಾಲುಗಳು ತಾತ್ಕಾಲಿಕವಾಗಿ ಮತ್ತೆ ಐ2ಸಿ ಆಗುತ್ತವೆ. ಹಿತ್ತಲ ಬಾಗಿಲು ಇಟ್ಟೇ ಚಿಪ್ ಕಟ್ಟಿದ್ದಾರೆ.

ಸುಲಭ ಅನ್ನಿಸಿತಲ್ವಾ? ನನಗೂ ಅನ್ನಿಸಿತ್ತು. ಚಿಮಟದಲ್ಲಿ 6ನೇ ಕಾಲನ್ನು ಗ್ರೌಂಡ್‌ಗೆ ಮುಟ್ಟಿಸಿದೆ. ಆ ಕಾಲಿಗೆ ಬರುವುದು ಇಡೀ ಬೋರ್ಡಿನ 3.3 ವೋಲ್ಟ್. ಬೋರ್ಡಿಗೇ ಶಾರ್ಟ್ ಕೊಟ್ಟ ಹಾಗಾಯಿತು. ಆ 3.3 ಕೊಡುವ ರೆಗ್ಯುಲೇಟರ್ ಬೆರಳು ಇಡಲಾಗದಷ್ಟು ಕಾದಿತು.

ಎರಡನೇ ಸಲ ಬುದ್ಧಿ ಓಡಿಸಿದೆ. ರೆಗ್ಯುಲೇಟರನ್ನೇ ತೆಗೆದು 3.3 ಲೈನನ್ನು ಪೂರ್ತಿ ಗ್ರೌಂಡ್ ಮಾಡಿದೆ. ಚಿಪ್ಪಿನ ಒಳಗಿನ ಕೆಲಸಕ್ಕೆ ಬೇಕಾದ 1.8 ವೋಲ್ಟನ್ನು ಬೇರೆ ಕಡೆಯಿಂದ ಕೊಟ್ಟೆ. ಆಗಲೂ ಉತ್ತರ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಪುಲ್-ಅಪ್‌ಗಳ ಮೇಲಿನ ತುದಿ ಇದ್ದದ್ದೂ ಅದೇ 3.3 ಲೈನಿನಲ್ಲಿ. ಅವೀಗ ತಂತಿಗಳನ್ನು ಕೆಳಕ್ಕೆ ಎಳೆಯುತ್ತಿದ್ದವು. ಹೆಸರಿಗೆ ಪುಲ್-ಅಪ್!

ಮೂರನೇ ಸಲ ಕೆಲಸ ಆಯಿತು. ರೆಗ್ಯುಲೇಟರ್ ಮತ್ತೆ ಕೂರಿಸಿ, 6 ಮತ್ತು 7, ಎರಡೂ ವಿಡಿಡಿ ಔಟ್ ಕಾಲುಗಳ ಬೆಸುಗೆ ಕರಗಿಸಿ ಸೂಜಿಯಿಂದ ಮೆಲ್ಲಗೆ ಎತ್ತಿದೆ. ಕೂದಲೆಳೆಯಂಥ ತಂತಿಯಿಂದ ಅವನ್ನು ಗ್ರೌಂಡ್‌ಗೆ ಕಟ್ಟಿದೆ. ಬೋರ್ಡಿನ ಮೈಕ್ರೋಕಂಟ್ರೋಲರ್ ಅಡ್ಡ ಬರದಂತೆ ರೀಸೆಟ್‌ನಲ್ಲಿ ಹಿಡಿದೆ. 1.8 ಕೊಟ್ಟು, ಹೊರಗಿನ ಯುಎಸ್‌ಬಿ ಅಡಾಪ್ಟರ್‌ನಿಂದ ಸ್ಕ್ಯಾನ್ ಮಾಡಿದೆ. 913ರ ಮಾಮೂಲಿ ವಿಳಾಸ ಹೆಕ್ಸ್ 65. ಆದರೆ ಈ ಹಿತ್ತಲ ಬಾಗಿಲಲ್ಲಿ ವಿಳಾಸದ ಕೊನೆಯ ಎರಡು ಬಿಟ್ ರೀಸೆಟ್ ಆಗುತ್ತವೆ. ಹಾಗಾಗಿ 65 ಒಂದಕ್ಕೇ ಜೋತು ಬೀಳದೆ 64ರಿಂದ 67ರವರೆಗೂ ಕೂಗಿ ನೋಡಿ.

ಉತ್ತರ ಬಂದ ಮೇಲೆ ಇನ್ನೊಂದು ಗುಂಡಿ ಇದೆ. ಒಂದೇ ಬೈಟ್ ಬರೆಯಬೇಕಾದರೆ ರಿಜಿಸ್ಟರ್ ನಂಬರಿನ ಮೇಲಿನ ಬಿಟ್ ಒಂದಾಗಿರಬೇಕು. ಅಂದರೆ 2ನೇ ರಿಜಿಸ್ಟರ್‌ಗೆ 82 ಎಂದು ಕಳಿಸಬೇಕು. ಬರೀ 02 ಕಳಿಸಿದರೆ ಚಿಪ್ ಅದನ್ನು ಬ್ಲಾಕ್ ಬರಹ ಅಂದುಕೊಂಡು, ನಿಮ್ಮ ಡೇಟಾವನ್ನೇ ಬೈಟ್‌ಗಳ ಲೆಕ್ಕ ಎಂದು ಓದುತ್ತದೆ. 82ಕ್ಕೆ ಬಿ4 ಬರೆದೆ, ಈ ಸಲ ಓದಿ ನೋಡಿದೆ, ಆಮೇಲೆ 6ನೇ ರಿಜಿಸ್ಟರ್‌ಗೆ 41 ಬರೆದೆ. ಅದರ ಕೊನೆಯ ಬಿಟ್ ಮೇಲೆದ್ದಾಗ ಇಇಪ್ರಾಮ್‌ಗೆ ಉಳಿಸುವ ಕೆಲಸ ಶುರುವಾಗುತ್ತದೆ. ಅದು ಮುಗಿಯಿತೇ ಎಂದು 1ನೇ ರಿಜಿಸ್ಟರ್‌ನಲ್ಲಿ ನೋಡಿ, ಆ ಬಿಟ್ಟನ್ನು ನಾವೇ ಕೆಳಗಿಳಿಸಬೇಕು. ಅಂದರೆ 40. ತಂತಿ ಬಿಚ್ಚಿ, ಕಾಲು ಕೂರಿಸಿ ಬೆಸುಗೆ ಹಾಕಿದೆ. ಉಳಿದ ಐದೂ ಎದ್ದವು.

ಒಂದು ಬಿಟ್ ಮಾತ್ರ ತಮಾಷೆಗೂ ಮುಟ್ಟಬೇಡಿ. ಇಇಲಾಕ್. ಅದನ್ನು ಇಇಪ್ರಾಮ್‌ಗೆ ಉಳಿಸಿದರೆ ಅಲ್ಲಿಗೆ ಇನ್ನು ಯಾವತ್ತೂ ಹೊಸದು ಬರೆಯಲಾಗುವುದಿಲ್ಲ. ರ‍್ಯಾಮ್‌ನಲ್ಲಿ ಬದಲಿಸಬಹುದು, ಕರೆಂಟ್ ಹೋದರೆ ಹಳೇದೇ ಗತಿ.

ಅಂದಿನಿಂದ ನಮ್ಮ ಬೋರ್ಡ್‌ಗಳಲ್ಲಿ ವಿಡಿಡಿ ಔಟ್ ದಾರಿಗೆ ಒಂದು ಸೊನ್ನೆ ಓಮ್ ರೆಸಿಸ್ಟರ್ ಹಾಕುತ್ತೇವೆ. ಪಕ್ಕದಲ್ಲೇ ಒಂದು ಟೆಸ್ಟ್ ಪಾಯಿಂಟ್. ರೆಸಿಸ್ಟರ್ ತೆಗೆದು ಕ್ಲಿಪ್ ಹಾಕಿದರೆ ಸಾಕು, ಸೂಜಿಯ ಸರ್ಕಸ್ ಬೇಡ. ಬೋರ್ಡ್ ನೋಡಿದವರೆಲ್ಲ ಈ ರೆಸಿಸ್ಟರ್ ದಂಡ ಅನ್ನುತ್ತಾರೆ. ನಾನು ತೆಗೆಯುವುದಿಲ್ಲ.

ಮೇಜಿನ ಮೇಲೆ ಎರಡು ಬೋರ್ಡ್ ಇಟ್ಟಿದ್ದೇನೆ. ಒಂದಕ್ಕೆ ಬೇಕಂತಲೇ ಎಫ್4 ಉಳಿಸಿದ್ದೇನೆ, ಯಾವುದು ಅಂತ ಹೇಳುವುದಿಲ್ಲ. ಸ್ಕೋಪ್ ಅಲ್ಲೇ ಇದೆ, ಎರಡು ಕ್ಲಿಪ್ ತಂತಿಯೂ ಇವೆ. ಬನ್ನಿ.