ಗೌರವಕ್ಕೂ ಅಂಕ ಇರಲಿ

(ಅಂತರರಾಷ್ಟ್ರೀಯ ಸೂಲಗಿತ್ತಿಯರ ದಿನದಂದು ಬೆಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ಜನ ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದೀರಿ. ಮೇ 5ರ ಮಹತ್ವ ನಿಮಗೆ ಹೇಳಬೇಕಾಗಿಲ್ಲ. ವಿಷಯಕ್ಕೇ ಬರುತ್ತೇನೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅಂತ ವರ್ಷಗಟ್ಟಲೆ ಹೇಳಿದೆವು. ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿದರು. ತಾಯಿ ಕಾರ್ಡ್ ಬಂತು, ಮಡಿಲು ಕಿಟ್ ಬಂತು, 108 ಬಂತು. ಹೆಂಗಸರು ನಮ್ಮ ಮಾತು ನಂಬಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ಸಣ್ಣ ಕೆಲಸ ಅಲ್ಲ, ಎಷ್ಟೋ ಜೀವ ಉಳಿದಿವೆ. ಆದರೆ ನಂಬಿ ಬಂದವಳನ್ನು ಲೇಬರ್ ರೂಮಿನ ಒಳಗೆ ಹೇಗೆ ನೋಡಿಕೊಂಡೆವು?

‘ಆವಾಗ ಚೆನ್ನಾಗಿತ್ತು, ಈಗ ಯಾಕೆ ಕಿರುಚ್ತೀಯಾ?’ ಈ ಮಾತನ್ನು ಕೇಳದವರು ಇಲ್ಲಿ ಯಾರಾದರೂ ಇದ್ದೀರಾ? ಹೀಗೆ ಹೇಳಿದ ಸಿಸ್ಟರ್ ಕೆಟ್ಟವರಲ್ಲ. ಒಬ್ಬರೇ ನಾಲ್ಕು ಮಂಚ ನೋಡಿಕೊಳ್ಳುತ್ತಿರುತ್ತಾರೆ. ಅವರ ಸೀನಿಯರ್ ಹೀಗೇ ಮಾತಾಡುತ್ತಿದ್ದರು, ಇವರೂ ಕಲಿತರು. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿಯೂ ಕಲಿಯುತ್ತಿದ್ದಾಳೆ. ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಮಾತು ಹೇಳುತ್ತೇನೆ: ಗೌರವ ಸ್ವಭಾವದಿಂದ ಬರುವುದಲ್ಲ, ಕಲಿಸಿದರೆ ಬರುವುದು. ಹೊಲಿಗೆ ಹಾಕುವುದನ್ನು ಕಲಿಸುತ್ತೇವಲ್ಲ, ಇದನ್ನೂ ಕಲಿಸಬೇಕು. ಪರೀಕ್ಷೆಯಲ್ಲಿ ಅಂಕವನ್ನೂ ಇಡಬೇಕು.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಹೇಳಲೇಬೇಕು.

ಕಲಬುರಗಿ ಕಡೆಯ ಹುಡುಗಿ. ಇಲ್ಲೇ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸ ಮಾಡುವವಳು, ಚೊಚ್ಚಲು. ಒಳಗೆ ಬಂದವಳೇ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಯಾರಿಗೂ ಮುಟ್ಟಲು ಬಿಡಲಿಲ್ಲ. ನಮ್ಮಲ್ಲಿ ಇಂಥವರಿಗೆ ‘ಕೋಆಪರೇಟ್ ಮಾಡ್ತಿಲ್ಲ’ ಅಂತ ಕೇಸ್ ಶೀಟ್‌ನಲ್ಲಿ ಬರೆಯುತ್ತಾರೆ. ಆವತ್ತು ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಕರ್ಟನ್ ಎಳೆದಳು. ಸ್ಟೂಲ್ ತಂದು ತಲೆಯ ಹತ್ತಿರ ಕೂತಳು, ಕಾಲ ಹತ್ತಿರ ಅಲ್ಲ. ಹೆಸರು ಕೇಳಿದಳು. ಗ್ಲೌಸ್ ಹಾಕಿದ ಕೈ ತೋರಿಸಿ, ‘ಎರಡು ಬೆರಳಿಟ್ಟು ನೋಡ್ತೀನಿ ಅಕ್ಕಾ. ನೋವು ಬಂದರೆ ನಿಲ್ಲಿಸು ಅನ್ನಿ, ನಿಲ್ಲಿಸ್ತೀನಿ’ ಅಂದಳು. ನಡುವೆ ನೋವು ಬಂತು, ಅವಳು ‘ನಿಲ್ಲಸ್ರಿ’ ಅಂದಳು. ಈಕೆ ನಿಜವಾಗಿ ನಿಲ್ಲಿಸಿದಳು. ಅಲ್ಲಿಂದ ಆ ಹುಡುಗಿ ಇವಳು ಹೇಳಿದ್ದನ್ನೆಲ್ಲ ಕೇಳಿದಳು.

ಆಮೇಲೆ ಅತ್ತೆಯನ್ನೂ ಒಳಗೆ ಬಿಟ್ಟೆವು. ಬಿಡಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಬಾಗಿಲು ಕಾಯುವವರಿಗೆ ಇನ್ನೂ ತಿಳಿಸಿಲ್ಲ ಅಷ್ಟೇ. ಆ ಅಜ್ಜಿ ಸೊಸೆಯ ಸೊಂಟ ತಿಕ್ಕುತ್ತಾ ಹತ್ತು ನಿಮಿಷದಲ್ಲಿ ಇಡೀ ವಾರ್ಡಿನ ಉಸ್ತುವಾರಿ ವಹಿಸಿಕೊಂಡರು. ಪಕ್ಕದ ಮಂಚದವಳಿಗೂ ‘ಒದರಬ್ಯಾಡವ್ವಾ, ಉಸರು ಬಿಡು, ನಿಧಾನಕ್ಕ ಬಿಡು’ ಅಂತ ಹೇಳಿಕೊಟ್ಟರು. ಕೊನೆಗೆ ಡ್ಯೂಟಿ ಡಾಕ್ಟರಿಗೂ ‘ನೀನೂ ಸ್ವಲ್ಪ ಕುಂಡ್ರು ಯವ್ವಾ’ ಅಂದರು! ಡಾಕ್ಟರ್ ಕೂತರು. ಹುಡುಗಿಗೆ ಎಡ ಮಗ್ಗುಲಲ್ಲೇ ಹೆರಿಗೆ ಆಯಿತು. ಹೆರಿಗೆ ದಾರಿ ಅಗಲ ಮಾಡಲು ಕತ್ತರಿ ಹಾಕಲಿಲ್ಲ, ಹೊಟ್ಟೆ ಒತ್ತಲಿಲ್ಲ.

ಇದರಲ್ಲಿ ಯಾವುದೂ ನಮ್ಮ ಹೊಸ ಕಲ್ಪನೆ ಅಲ್ಲ. ಜೊತೆಗೆ ಒಬ್ಬರು ಇರಲಿ, ಓಡಾಡಲಿ, ನೀರು ಕುಡಿಯಲಿ, ತನಗೆ ಬೇಕಾದ ಭಂಗಿಯಲ್ಲಿ ಹೆರಲಿ, ಎಲ್ಲರಿಗೂ ಸುಮ್ನೆ ಕತ್ತರಿ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಬರೆದು ಕೊಟ್ಟಿದೆ. ಆದರೆ ಆ ವಿದ್ಯಾರ್ಥಿನಿಗೆ ಸ್ಟೂಲ್ ಎಳೆದು ಕೂತಿದ್ದಕ್ಕೆ ಎಷ್ಟು ಅಂಕ ಸಿಕ್ಕಿತು? ಸೊನ್ನೆ. ವಿದ್ಯಾರ್ಥಿಗಳು ಹೆರಿಗೆಯ ವಿವರ ಬರೆಯುವ ಕೇಸ್ ಬುಕ್‌ನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಮಗುವಿನ ತೂಕ ಬರೆಯಲು ಜಾಗ ಇದೆ, ಮಾಸು ಬಿದ್ದ ಸಮಯಕ್ಕೂ ಇದೆ. ‘ಪರೀಕ್ಷಿಸುವ ಮೊದಲು ಕೇಳಿದೆಯಾ?’ ಅನ್ನುವುದಕ್ಕೆ ಇಲ್ಲ. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಕಾಲಮ್ ಬರುವವರೆಗೆ ಹೇಳುತ್ತೇನೆ.

ಪಾವಗಡದ ಸೂಲಗಿತ್ತಿ ನರಸಮ್ಮನವರ ಬಗ್ಗೆ ವಿವರವಾಗಿ ಮಾತಾಡಬೇಕು ಅಂತಿದ್ದೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಹೆಸರು ಹೇಳಿದೆ ಅಂದಮಾತ್ರಕ್ಕೆ ಮತ್ತೆ ಮನೆ ಹೆರಿಗೆಗೆ ಹೋಗೋಣ ಅಂತ ನಾನು ಹೇಳುತ್ತಿಲ್ಲ. ರಕ್ತಸ್ರಾವ ಆದರೆ ಅದನ್ನು ತಡೆಯುವ ಆಕ್ಸಿಟೋಸಿನ್ ಔಷಧಿ ಬೇಕು, ರಕ್ತ ಬೇಕು, ಆಪರೇಷನ್ ಥಿಯೇಟರ್ ಬೇಕು. ಇವೆಲ್ಲ ಇರುವ ಕಡೆಯೇ ನೋವು ತಿನ್ನುವವಳ ಪಕ್ಕ ಕೂರಲು ಒಬ್ಬರು ಇರಬೇಕು ಅನ್ನುತ್ತಿದ್ದೇನೆ.

ಚೀಟಿ ಬಂದಿದೆ, ಐದು ನಿಮಿಷ ಅಂತೆ. ಸಿಸೇರಿಯನ್ ಬಗ್ಗೆ ಒಂದೇ ಮಾತು: ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ್ದು ನೂರಕ್ಕೆ 31ಕ್ಕಿಂತ ಜಾಸ್ತಿ. ಇದನ್ನು ಇಳಿಸಬೇಕಾದರೆ ತಾಳ್ಮೆಯಿಂದ ಕಾಯಬಲ್ಲವರು ಬೇಕು, ಅಲ್ವಾ? 2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ, ಅಂದರೆ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದಿತು. ನರ್ಸ್‌ಗಳಿಗೆ 18 ತಿಂಗಳ ತರಬೇತಿ. ಒಳ್ಳೆಯ ಯೋಜನೆ. ತರಬೇತಿ ಮುಗಿಸಿ ಬಂದವರನ್ನು ಐಸಿಯುಗೋ ಓಪಿಡಿಗೋ ಹಾಕಬೇಡಿ ಅಂತ ಇಲ್ಲಿರುವ ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಗರ್ಭಪಾತಕ್ಕೆ ಬಂದವರು, ಕಾಪರ್-ಟಿ ತೆಗೆಸಲು ಬಂದವರು, ಮದುವೆಯಾಗದ ಹುಡುಗಿಯರು, ಇವರ ಬಗ್ಗೆ ಹೇಳಲು ಸಮಯ ಇಲ್ಲ. ಅವರಿಗೂ ಮೊದಲು ಬೇಕಾಗಿರುವುದು ಆ ಕರ್ಟನ್ನೇ.

ಟೀ ಆದಮೇಲೆ ಎಲ್ಲರೂ ಸ್ಕಿಲ್ ಲ್ಯಾಬ್‌ಗೆ ಬನ್ನಿ. ಲೇಬರ್ ಟೇಬಲ್ ಹಾಕಿಸಿದ್ದೇವೆ. ಮೊದಲು ಪ್ರೊಫೆಸರ್‌ಗಳು, ಡಾಕ್ಟರ್‌ಗಳು ಒಬ್ಬೊಬ್ಬರಾಗಿ ಬಟ್ಟೆ ಮೇಲೆ ಹೊದಿಕೆ ಹೊದ್ದು, ಕಾಲು ಎತ್ತಿಟ್ಟುಕೊಂಡು ಐದು ನಿಮಿಷ ಮಲಗಬೇಕು. ವಿದ್ಯಾರ್ಥಿಗಳು ಸುತ್ತ ನಿಂತು ತಮ್ಮ ಪಾಡಿಗೆ ಮಾತಾಡಿಕೊಳ್ಳಲಿ. ಆಮೇಲೆ ಕೇಸ್ ಬುಕ್‌ನ ಹೊಸ ಕಾಲಮ್ಮನ್ನು ಎಲ್ಲರೂ ಕೂತು ಬರೆಯೋಣ. ಪೆನ್ನು ತನ್ನಿ.